ಕಾಶಿಯಲ್ಲಿ ಬಿಟ್ಟದ್ದು

ಕಾಶಿಗೆ ಬಂದವರು ತಮಗೆ ಇಷ್ಟವಾದ ಒಂದು ಹಣ್ಣನ್ನೋ ತರಕಾರಿಯನ್ನೋ ಇಲ್ಲೇ ಬಿಟ್ಟು ಹೋಗಬೇಕು, ಮತ್ತೆ ಜನ್ಮದಲ್ಲಿ ಮುಟ್ಟಬಾರದು. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ನನ್ನ ಗಂಡನ ಅಪ್ಪ ಗಂಗೆಯ ಮೆಟ್ಟಿಲ ಮೇಲೆ ಕೂತು ಈ ಸಂಕಲ್ಪ ಮಾಡಿಸುತ್ತಾರೆ. ಜನ ಭಾರಿ ಕಿಲಾಡಿಗಳು. ಮಾವಿನಹಣ್ಣು ಬಿಡಿ ಅಂದರೆ ಹಾಗಲಕಾಯಿ ಬಿಡುತ್ತಾರೆ. ಇಲ್ಲೇ ಹುಟ್ಟಿ ಬೆಳೆದ ನನಗಂತೂ ಏನನ್ನೂ ಬಿಡುವ ಪ್ರಸಂಗವೇ ಬಂದಿರಲಿಲ್ಲ.

ಬಸುರಿಯಾದಾಗ ಬಂತು. ಇಲ್ಲಿನ ಲಂಕಾ ಬಡಾವಣೆಯ ಕೋಚಿಂಗ್ ಸೆಂಟರಿನಲ್ಲಿ ಹುಡುಗರಿಗೆ ಪಾಠ ಮುಗಿಸಿ ಅಸ್ಸಿ ಘಾಟಿನ ಚಹಾ ಅಂಗಡಿಯಲ್ಲಿ ಸಿಗರೇಟು ಹಚ್ಚುವುದು ನನ್ನ ಅಭ್ಯಾಸ. ಗಂಡನಿಗೆ ಗೊತ್ತಿತ್ತು, ಮಾವನಿಗಿಲ್ಲ. ಕಡಿಮೆ ಮಾಡ್ತೀನಿ ಅಂತ ಡಾಕ್ಟರಮ್ಮನ ಹತ್ತಿರ ಚೌಕಾಸಿಗಿಳಿದೆ. ಕಡಿಮೆ ಅನ್ನೋ ಮಾತೇ ಬೇಡ, ಮಗುವಿಗೋಸ್ಕರ ಪೂರ್ತಿ ಬಿಡಿ ಅಂದರು. ಬಿಟ್ಟೆ, ಮತ್ತೆ ಹಚ್ಚಿದೆ. ಬಿಟ್ಟಾಗೆಲ್ಲ ತಲೆ ಸಿಡಿದು ಗಂಡನ ಮೇಲೆ ಹರಿಹಾಯುತ್ತಿದ್ದೆ, ಹಚ್ಚಿದಾಗೆಲ್ಲ ಹೊಟ್ಟೆ ಹಿಡಿದುಕೊಂಡು ಅಳುತ್ತಿದ್ದೆ. ಮಗುವಿಗೆ ಏನಾದರೂ ಹೆಚ್ಚುಕಮ್ಮಿಯಾದರೆ ಅನ್ನೋ ಭಯ ಬಿಡುತ್ತಿರಲಿಲ್ಲ.

ಕೊನೆಗೆ ಒಂದು ಬೆಳಿಗ್ಗೆ ಯಾತ್ರಿಕರ ಸಾಲಿನಲ್ಲಿ ನಾನೂ ಹೋಗಿ ಕೂತೆ. ಮಾವ ಖುಷಿಯಿಂದ ಅಂಗೈಗೆ ನೀರು ಹಾಕಿ, ಏನು ಬಿಡ್ತೀಯಮ್ಮ ಅಂದರು. ಸಿಗರೇಟು ಅನ್ನಲು ನಾಲಗೆ ಹೊರಳಲಿಲ್ಲ. ಇಲ್ಲಿನ ಹುಡುಗರು ಸಿಗರೇಟಿಗೆ ಹೇಳುವ ಹಿಂದಿ ಮಾತು ಗೊಣಗಿದೆ.

"ಸುಟ್ಟಾ."

ಅಪ್ಪಟ ಕನ್ನಡದ ಮಾವ ಕಣ್ಣರಳಿಸಿದರು. ಸುಟ್ಟ ಬದನೆಕಾಯಿಯಾ? ಅಯ್ಯೋ, ಅದರ ಗೊಜ್ಜು ಅಂದರೆ ನಿನಗೆ ಪ್ರಾಣ, ಬಯಕೆಯ ಹೊತ್ತಲ್ಲಿ ಅದನ್ಯಾಕೆ ಬಿಡ್ತೀಯ ಅಂತ ಮರುಗುತ್ತಲೇ ಮಂತ್ರ ಹೇಳಿ ನೀರು ಬಿಡಿಸಿಯೇಬಿಟ್ಟರು.

ಮೊದಲು ನಗು ಬಂತು. ಆಮೇಲೆ, ಯಾಕೆ ಸುಳ್ಳು ಹೇಳಲಿ, ಹಾಯೆನಿಸಿತು. ಹೋದದ್ದು ಬದನೆಕಾಯಿ ತಾನೇ! ಮೆಟ್ಟಿಲು ಹತ್ತಿ ಚಹಾ ಅಂಗಡಿಯ ಕಡೆ ಹೊರಟೇಬಿಟ್ಟೆ. ಅರ್ಧ ಹತ್ತುವಷ್ಟರಲ್ಲಿ ನನ್ನ ಮೇಲೇ ಕೆಟ್ಟ ಕೋಪ ಬಂತು. ಥೂ, ಯಾರಿಗೆ ಮೋಸ ಮಾಡ್ತಿದೀಯೇ ಅಂತ ಬೈದುಕೊಂಡು ತಿರುಗಿ ಇಳಿದೆ.

"ಬದನೆಕಾಯಲ್ಲ ಮಾವ. ಸಿಗರೇಟು."

ಮಾವ ಪಂಚಪಾತ್ರೆ ಎತ್ತಿಕೊಂಡು ಎದ್ದರು. ಇನ್ನು ಮನೆಗೆ ಬರಬೇಡ ಅನ್ನುತ್ತಾರೇನೋ ಅಂದುಕೊಂಡೆ. ಅವರು, ಬದನೆಕಾಯಿ ಹೋದದ್ದು ಹೋಯಿತು, ಇದಕ್ಕೆ ಬೇರೆ ನೀರು ಬೇಕು ಅಂತ ಅದನ್ನು ತುಂಬಿಕೊಂಡು ಬಂದರು. ಕೈ ಒಡ್ಡಿದೆ. ಮಂತ್ರ ಮುಗಿಸಿ, ಈಗ ಹೇಳು ಅಂದರು. ನಾನು ಮತ್ತೆ ಗೊಣಗಿದೆ.

"ನನಗಲ್ಲಮ್ಮ," ಅಂದರು. "ಒಳಗಿರೋ ಮಗುವಿಗೆ ಕೇಳೋ ಹಾಗೆ ಹೇಳು."

ಹೇಳಿದೆ. ಯಾತ್ರಿಕರೆಲ್ಲ ತಿರುಗಿ ನೋಡಿದರು. ಮಗಳು ಹುಟ್ಟಿದ ಮೇಲೂ ಎಷ್ಟೋ ಸಲ ಆಸೆಯಾಗಿ ಚಹಾ ಅಂಗಡಿಯವರೆಗೂ ಹೋದದ್ದುಂಟು. ಆದರೆ ಅವಳ ಕಿವಿಗೇ ಕೊಟ್ಟ ಮಾತನ್ನು ಮುರಿಯಲು ನನ್ನಿಂದ ಆಗಲಿಲ್ಲ.