ಕಾಪುವಿನ ಟೀಚರ್ ತಂದ ರೆಕಾರ್ಡ್ ಪ್ಲೇಯರ್

ಮಕ್ಕಳೇ, ನಾನು ಚಿಕ್ಕವಳಿದ್ದಾಗ ಅಪ್ಪನಿಗೆ ಉಡುಪಿಯ ಬಸ್ ನಿಲ್ದಾಣದ ಹತ್ತಿರ ರೇಡಿಯೋ ರಿಪೇರಿಯ ಅಂಗಡಿ ಇತ್ತು. ಅಂಗಡಿ ಎಂದರೆ ನಿಮ್ಮ ಸ್ನಾನದ ಮನೆಯಷ್ಟು ಜಾಗ. ಒಂದು ಮೇಜು, ಒಂದು ಬೆಂಚು, ಗೋಡೆಯ ತುಂಬ ಹಿಂಬದಿ ಬಿಚ್ಚಿದ ರೇಡಿಯೋಗಳು. ಬೆಸುಗೆಯ ಹೊಗೆ ಮತ್ತು ಪಕ್ಕದ ಹೋಟೆಲಿನ ಗೋಳಿಬಜೆಯ ವಾಸನೆ ಎರಡೂ ಸೇರಿ ಅಪ್ಪನ ಅಂಗಿಗೆ ಅಂಟಿಕೊಂಡಿರುತ್ತಿದ್ದವು. ರಜೆ ಬಂದರೆ ನಾನು ಪೆರ್ಡೂರಿನಿಂದ ಅವರ ಜೊತೆ ಬಸ್ಸು ಹತ್ತಿ ಬಂದುಬಿಡುತ್ತಿದ್ದೆ.

ಅಂಥ ಒಂದು ದಿನ ಬೆಳಿಗ್ಗೆ ಕಾಪುವಿನಿಂದ ಒಬ್ಬರು ಟೀಚರ್ ಬಂದರು. ತಲೆಕೂದಲು ಪೂರ್ತಿ ನೆರೆತಿತ್ತು. ರಿಕ್ಷಾದವನು ಅವರ ಹಿಂದೆಯೇ ಒಂದು ಹಳೆಯ ರೆಕಾರ್ಡ್ ಪ್ಲೇಯರ್ ತಂದು ಮೇಜಿನ ಮೇಲಿಟ್ಟು ಹೋದ.

“ಬೊಂಬಾಯಿಯಿಂದ ಊರಿಗೆ ಬಂದವರ ಹತ್ತಿರ ತೆಗೆದುಕೊಂಡದ್ದು” ಎಂದರು ಟೀಚರ್. “ಹಾಡು ಅರ್ಧಕ್ಕೆ ಬರುವಾಗ ಇದರ ಕೈ ಹಾರಿ ಹಿಂದೆ ಬೀಳ್ತದೆ. ಒಂದೇ ಸಾಲನ್ನು ಮತ್ತೆ ಮತ್ತೆ ಹೇಳ್ತದೆ. ಹಾಕಿ ನೋಡಿದ್ದು ನೆರೆಮನೆಯವರ ರೆಕಾರ್ಡು. ನನ್ನದನ್ನು ಹಾಕಲಿಕ್ಕೆ ಧೈರ್ಯ ಬರಲಿಲ್ಲ.”

ಅವರು ಚೀಲದಿಂದ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದ ಒಂದು ರೆಕಾರ್ಡು ತೆಗೆದು ತೋರಿಸಿದರು. ಭಜನೆಯ ಹಾಡುಗಳದ್ದು. “ಮದುವೆಯಾದ ವರ್ಷ ನಮ್ಮ ಯಜಮಾನರು ತಂದುಕೊಟ್ಟದ್ದು. ಸಂಜೆ ಹೊತ್ತು ಅವರೂ ಇದರ ಜೊತೆಗೆ ಹಾಡ್ತಿದ್ದರು. ಈಗ ಅವರಿಲ್ಲ.”

ಅಪ್ಪ ಅವರ ಮುಖವನ್ನೇ ನೋಡುತ್ತಾ ನಿಂತಿದ್ದರು. “ಸಂಜೆಗೆ ಬನ್ನಿ ಟೀಚರ್, ಸರಿ ಮಾಡಿ ಇಡ್ತೇನೆ” ಎಂದರು. ಟೀಚರ್ ರೆಕಾರ್ಡನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡು ಮಠದ ಕಡೆ ಹೋದರು.

ರೆಕಾರ್ಡ್ ಪ್ಲೇಯರಿನ ಒಂದು ಬದಿಯಲ್ಲಿ ತೆಳ್ಳಗಿನ ಲೋಹದ ಕೈ ಇರುತ್ತದೆ. ಅದರ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳು. ತಿರುಗುವ ರೆಕಾರ್ಡಿನ ಗೆರೆಯಲ್ಲಿ ಆ ಮುಳ್ಳು ಓಡಿದರೆ ಹಾಡು ಬರುತ್ತದೆ. ಅಪ್ಪ ಮೊದಲು ಅದರ ಮೇಲೆ ಒಂದು ಲೋಟ ನೀರು ಇಟ್ಟು ಪೆಟ್ಟಿಗೆ ಒಂದು ಕಡೆಗೆ ವಾಲಿದೆಯೇ ಎಂದು ನೋಡಿದರು. ವಾಲಿರಲಿಲ್ಲ. ಮುಳ್ಳಿನ ಧೂಳನ್ನು ಸಣ್ಣ ಬ್ರಶ್ಶಿನಿಂದ ಒರೆಸಿದರು. ಕೈಯನ್ನು ಬೆರಳಿನಿಂದ ಮೆಲ್ಲಗೆ ತಳ್ಳಿದಾಗ ಅದು ನಡುವಿನಲ್ಲಿ ಎಲ್ಲೋ ತಡೆಯಿತು. “ಕಡಲಗಾಳಿಗೆ ತುಕ್ಕು ಹಿಡಿದಿದೆ, ನೋಡು ಮಗಾ” ಎಂದು ಅದರ ಬುಡಕ್ಕೆ ಹೊಲಿಗೆ ಮಿಶನ್ನಿನ ಎಣ್ಣೆ ಒಂದು ಹನಿ ಬಿಟ್ಟರು. ಕೈಯ ಹಿಂದೆ ಇದ್ದ ತೂಕದ ಗುಂಡನ್ನು ಸ್ವಲ್ಪ ತಿರುಗಿಸಿ, ಮತ್ತೆ ಹಾರದಿರಲಿ ಎಂದು ಮುಳ್ಳಿನ ಮೇಲೆ ಭಾರ ಹೆಚ್ಚಿಸಿದರು.

ಆಮೇಲೆ ಅಂಗಡಿಯ ಹಳೆಯ ರೆಕಾರ್ಡು ಹಾಕಿದರು. ಕೈ ಒಮ್ಮೆಯೂ ಹಾರಲಿಲ್ಲ. ಆದರೆ ಹಾಡಿನ ಅಡಿಯಲ್ಲಿ ಯಾರೋ ಕಬ್ಬಿಣಕ್ಕೆ ಅರ ಉಜ್ಜುತ್ತಿರುವ ಹಾಗೆ ಕಿರ್ ಎನ್ನುವ ಸದ್ದು. ನನಗೆ ಹಲ್ಲು ಜುಮ್ಮೆಂದಿತು. ಅಪ್ಪ ಮಾತ್ರ ನಗುತ್ತಾ ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದರು. ಆ ತಾಳ ಹಾಡಿನದ್ದಲ್ಲ. ಹಾಡು ಮುಗಿದು, ಬರೀ ಕಿರಕಿರ ಉಳಿದ ಮೇಲೂ ಅವರ ಬೆರಳು ನಿಲ್ಲಲಿಲ್ಲ.

ಮನೆಯಲ್ಲಿ ಅಮ್ಮ ಎರಡು ಮೂರು ಸಲ ಕರೆದರೂ ಅಪ್ಪ ತಿರುಗದಿರುವುದು, ಅಕ್ಕ ಅದಕ್ಕೆ ಸಿಟ್ಟಾಗುವುದು, ಎಲ್ಲ ನನಗೆ ಒಟ್ಟಿಗೆ ಅರ್ಥವಾಯಿತು.

“ಹೇಗುಂಟು?” ಎಂದು ಕೇಳಿದರು ಅಪ್ಪ. ಅವರ ಮುಖದಲ್ಲಿ ಅಷ್ಟೊಂದು ಆಸೆ ಇತ್ತು. ನಾನು ತಲೆಯಾಡಿಸಿ, “ಸರಿ ಉಂಟು” ಎಂದೆ.

ಸಂಜೆ ಟೀಚರ್ ಬಂದರು. ಅಪ್ಪ ಅವರ ರೆಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಇಟ್ಟರು, ಮುಳ್ಳು ಇಳಿಸಿದರು, ಪೆಟ್ಟಿಗೆಯ ಮುಚ್ಚಳ ಒರೆಸಲು ಆಚೆ ತಿರುಗಿದರು. ಒಂದು ಗಂಡಸಿನ ಇಂಪಾದ ದನಿ ಎದ್ದಿತು. ಅದರ ಹಿಂದೆಯೇ ಅರ ಉಜ್ಜುವ ಆ ಸದ್ದು.

“ನಿಲ್ಲಿಸಿ! ನಿಲ್ಲಿಸಿ ಮಾರಾಯರೇ!” ಟೀಚರ್ ಕೂಗಿದರು.

ಅಪ್ಪ ಮುಚ್ಚಳ ಒರೆಸುತ್ತಲೇ ಇದ್ದರು. ಟೀಚರ್ ಮತ್ತೆ ಕೂಗಿದರು. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. ನಾನು ಓಡಿಹೋಗಿ ಪ್ಲೇಯರಿನ ಕೈಯನ್ನು ಎತ್ತಿದೆ.

“ಎಂತಕ್ಕೆ ತೆಗೆದದ್ದು?” ಎಂದು ಅಪ್ಪ ನನ್ನ ಮೇಲೆ ಸಿಟ್ಟಾದರು. ಆಮೇಲೆ ಟೀಚರ್ ಮುಖ ನೋಡಿದರು. ರೆಕಾರ್ಡಿನ ಅಂಚಿನಲ್ಲಿ ಬೂದಿಯಂಥ ಪುಡಿ ಬಿದ್ದಿತ್ತು. ಮುಳ್ಳಿನ ತುದಿ ಮುರಿದಿತ್ತು. ಕಣ್ಣಿಗೆ ಕಾಣದ ದೋಷವದು, ಕಿವಿಯೇ ಹೇಳಬೇಕು.

ಟೀಚರ್ ಬೈಯಲಿಲ್ಲ. ಅಪ್ಪನ ಎದುರಿಗೆ ಬಂದು, ತರಗತಿಯಲ್ಲಿ ಹಿಂದಿನ ಬೆಂಚಿನ ಮಗುವಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಕೇಳಿದರು: “ಎಷ್ಟು ಸಮಯ ಆಯ್ತು?”

ಅಪ್ಪ ಬೆಂಚಿನ ಮೇಲೆ ಕುಳಿತರು. “ಒಂದು ವರ್ಷ ಆಗಿರಬಹುದು. ಮನೆಯಲ್ಲಿ ಹೇಳಲಿಲ್ಲ. ರಿಪೇರಿಯವನಿಗೆ ಕಿವಿ ಕೇಳುವುದಿಲ್ಲ ಅಂತ ಗೊತ್ತಾದರೆ ಯಾರು ಬರ್ತಾರೆ ಟೀಚರ್?” ಅಪ್ಪ ಅಳುವುದನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವರು ಎದ್ದು, ಡಬ್ಬಿಯಿಂದ ಹೊಸ ಮುಳ್ಳು ತೆಗೆದು ಹಾಕಿದರು, ಭಾರ ಇಳಿಸಿದರು. ಈ ಸಲ ನಾನು ಕಿವಿಗೊಟ್ಟು ನಿಂತೆ. ಸದ್ದು ಕೆಟ್ಟರೆ ನಾನು ನನ್ನ ಕೈ ಎತ್ತುವುದು, ಸರಿಯಾದರೆ ಇಳಿಸುವುದು. ಅಪ್ಪ ನನ್ನನ್ನೇ ನೋಡುತ್ತಾ ಗುಂಡನ್ನು ತಿರುಗಿಸಿದರು. ಮೊದಲ ಹಾಡಿನ ಆರಂಭ ಮಾತ್ರ ಸರಿಯಾಗಲಿಲ್ಲ, ಆ ಗೆರೆಗಳು ಹಾಳಾಗಿ ಹೋಗಿದ್ದವು. ಟೀಚರ್ ಕಣ್ಣು ಮುಚ್ಚಿ ಉಳಿದದ್ದನ್ನು ಕೇಳಿದರು. “ಅವರು ದನಿಗೂಡಿಸ್ತಿದ್ದದ್ದೇ ಆ ಮೊದಲನೆಯ ಸಾಲಿಗೆ” ಎಂದಷ್ಟೇ ಹೇಳಿ ಹೊರಟರು.

ಊರಿಗೆ ಹೋಗುವ ಬಸ್ಸಿನಲ್ಲಿ ಅಪ್ಪ ಕಿಟಕಿಯ ಹತ್ತಿರ ಕುಳಿತಿದ್ದರು. “ಅಪ್ಪ, ನನಗೆ ಬೆಳಿಗ್ಗೆಯೇ ಗೊತ್ತಿತ್ತು. ನಾನು ಸುಳ್ಳು ಹೇಳಿದೆ” ಎಂದೆ. ಅವರು ಹೊರಗೆ ನೋಡುತ್ತಲೇ ಇದ್ದರು. ಅವರ ಕೈ ಹಿಡಿದು ಎಳೆದು, ಮುಖ ತಿರುಗಿಸಿ ಇನ್ನೊಮ್ಮೆ ಹೇಳಬಹುದಿತ್ತು. ನಾನು ಹೇಳಲಿಲ್ಲ. ಅವರು ಇರುವವರೆಗೂ ಹೇಳಲಿಲ್ಲ.

ಮುಂದಿನ ಮಳೆಗಾಲದೊಳಗೆ ಅಪ್ಪ ಅಂಗಡಿಯನ್ನು ಬಿಟ್ಟುಕೊಟ್ಟರು. ಮನೆಯ ಜಗಲಿಯಲ್ಲಿ ಕುಳಿತು ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡತೊಡಗಿದರು. ಎರಡು ವರ್ಷದಲ್ಲಿ ಅವರಿಗೆ ಏನೂ ಕೇಳಿಸದಾಯಿತು.

ಈಗ ನಿಮ್ಮ ಶಾಲೆಗೇ ಡಾಕ್ಟರು ಬಂದು ಕಿವಿ ನೋಡುತ್ತಾರೆ. ನನಗೂ ಅಪ್ಪನ ಹಾಗೆಯೇ ಆದಾಗ ನಿಮ್ಮ ಅಮ್ಮ ಮಣಿಪಾಲಕ್ಕೆ ಕರೆದುಕೊಂಡು ಹೋಗಿ ಕಿವಿಗೆ ಯಂತ್ರ ಹಾಕಿಸಿದಳು, ಅದಕ್ಕೆ ಬಣ್ಣ ಆರಿಸಿದವರು ನೀವು. ಊಟಕ್ಕೆ ಕುಳಿತಾಗ ನಾನು “ಎಂತ? ಎಂತ ಹೇಳಿದ್ದು?” ಎಂದು ಮೂರು ಸಲ ಕೇಳುತ್ತೇನೆ, ನೀವು ನಕ್ಕು ಮೂರು ಸಲವೂ ಹೇಳುತ್ತೀರಿ. ಅಪ್ಪ ಮಾತ್ರ ಒಂದು ವರ್ಷ ಪೂರ್ತಿ ನಮ್ಮ ನಡುವೆ ಕುಳಿತು, ನಾವು ನಕ್ಕಾಗ ನಗುತ್ತಾ, ಹಾಗೆ ಒಮ್ಮೆಯೂ ಕೇಳದೆ ಊಟ ಮುಗಿಸಿ ಏಳುತ್ತಿದ್ದರು.