ನಡೆಯದೇ ಹೋದ ವಿಚಾರಣೆ

ನಮ್ಮ ಮನೆತನದಲ್ಲಿ ಕಾಲೇಜಿಗೆ ಹೋದವಳು ನಾನೇ ಮೊದಲು. ಆದ್ದರಿಂದಲೋ ಏನೋ, ನಾಲ್ಕು ಜನ ಓದುವಂಥದ್ದನ್ನು ಬರೆಯಲು ಕುಳಿತಾಗಲೆಲ್ಲ ಎಲ್ಲಿ ತಪ್ಪಿಬಿಡುತ್ತೇನೋ ಎಂಬ ಅಳುಕು ನನ್ನನ್ನು ಬಿಡುವುದಿಲ್ಲ. ಈ ಬರಹದ ಮಟ್ಟಿಗಂತೂ ಆ ಅಳುಕು ಇಮ್ಮಡಿ. ನಾನಿಲ್ಲಿ ನೆನೆಯಹೊರಟಿರುವವರಿಗೆ ನಾನು ಋಣಿ. ಅವರನ್ನು ಪೂರ್ತಿಯಾಗಿ ನಂಬಲು ಮಾತ್ರ ನನಗೆ ಇಂದಿಗೂ ಸಾಧ್ಯವಾಗಿಲ್ಲ. ಇವೆರಡರಲ್ಲಿ ಯಾವುದೊಂದಕ್ಕೆ ನನ್ನ ಮಾತಿನಿಂದ ಅನ್ಯಾಯವಾದರೂ ಓದುಗರು ದಯವಿಟ್ಟು ಮನ್ನಿಸಬೇಕು.

ಅವರನ್ನು ನೆನೆದರೆ ಮೊದಲು ಕಣ್ಣಿಗೆ ಕಟ್ಟುವುದು ಅವರ ಮೂಗು. ಉದ್ದನೆಯದು, ತುದಿಯಲ್ಲಿ ತುಸು ಬಾಗಿದ್ದು, ಬಿಸಿಲಿಗೆ ಕಂದಿ ಸಿಪ್ಪೆ ಏಳುತ್ತಿದ್ದದ್ದು. ಕುದುರೆ ಲಾಯಕ್ಕೆ ಬಂದರೆ ಅವರು ಎಲ್ಲವನ್ನೂ ಮೂಸುತ್ತಿದ್ದರು: ನೀರಿನ ಬಕೆಟ್ಟು, ಒಣಹುಲ್ಲು, ಓಟ್ಸಿನ ಚೀಲ, ಕುದುರೆಯ ಮೂತಿ, ಕೆಲವೊಮ್ಮೆ ಕೆಲಸದವರ ಅಂಗೈ. "ಇದರ ಬಾಯಿಗೆ ಹೋಗೋದೆಲ್ಲ ಮೊದ್ಲು ನನ್ನ ಮೂಗಿನ ಮುಂದೆ ಹಾಯ್ದು ಹೋಗ್ಬೇಕು," ಎನ್ನುತ್ತಿದ್ದರು. ಯಾರೋ ರಾತ್ರಿ ಬಂದು ಏನೋ ಬೆರೆಸಿದ್ದಾರೆಂಬ ಗುಮಾನಿ ಅವರಿಗೆ ಸದಾ ಇತ್ತು. ಪಕ್ಕದ ಲಾಯದವರು ಗುಡ್ ಮಾರ್ನಿಂಗ್ ಹೇಳಿದರೂ, ಅವರು ಹೋದ ಮೇಲೆ, "ಇವತ್ತೇನಪ್ಪ ಇಷ್ಟೊಂದು ಪ್ರೀತಿ?" ಎಂದು ಅಲ್ಲಿ ಕೆಲಸಕ್ಕಿದ್ದ ನಮ್ಮ ಅಪ್ಪನ ಕಡೆ ಹುಬ್ಬೇರಿಸುತ್ತಿದ್ದರು.

ನಮ್ಮ ಮನೆಯಲ್ಲಿ ಅವರು 'ಡಾಕ್ಟರು'. ಬೆಂಗಳೂರಿನಲ್ಲಿ ಪಶುವೈದ್ಯಕೀಯ ಓದಿ, ನಾನು ಹುಟ್ಟುವ ಮೊದಲೇ ಕ್ಯಾಲಿಫೋರ್ನಿಯಾಕ್ಕೆ ಬಂದವರು. ಸ್ಯಾನ್ ರಮೋನಿನಲ್ಲಿ ಒಬ್ಬರೇ ಇದ್ದರು. ವೈದ್ಯವೃತ್ತಿಯನ್ನು ಬಿಟ್ಟು ಹಾರ್ನೆಸ್ ರೇಸಿನ ಕುದುರೆಗಳನ್ನು ಪಳಗಿಸುವ ಟ್ರೇನರ್ ಆಗಿದ್ದರು. ಈ ರೇಸಿನಲ್ಲಿ ಯಾರೂ ಕುದುರೆಯ ಬೆನ್ನೇರುವುದಿಲ್ಲ; ಎರಡು ಗಾಲಿಯ ಹಗುರವಾದ ಗಾಡಿ ಕಟ್ಟಿ, ಅದರಲ್ಲಿ ಕುಳಿತು ಹೊಡೆಯುತ್ತಾರೆ. ಕುದುರೆ ನಾಗಾಲೋಟಕ್ಕೆ ಬೀಳದೆ, ಹೆಜ್ಜೆಯ ಲಯ ಕೆಡದೆ ಓಡಬೇಕು. ಮಂಡ್ಯದಲ್ಲಿ ಜಟಕಾ ಹೊಡೆಯುತ್ತಿದ್ದ ನಮ್ಮ ಅಪ್ಪನಿಗೆ ಅಮೆರಿಕದಲ್ಲಿ ಯಾರ ಸಹಾಯವೂ ಇಲ್ಲದೆ ಅರ್ಥವಾದ ಮೊದಲ ಸಂಗತಿ ಇದು.

ಆಸ್ಪತ್ರೆಯಲ್ಲೇ ತರಬೇತಿ ಪಡೆದು ನರ್ಸಾಗಿದ್ದ ನಮ್ಮ ಅತ್ತೆ ನಮ್ಮನ್ನು ಯೂನಿಯನ್ ಸಿಟಿಗೆ ಕರೆಸಿಕೊಂಡ ಮೇಲೆ ಅಪ್ಪ ಒಂದು ಗ್ರೋಸರಿ ಅಂಗಡಿಯ ಹಿಂಬದಿಯಲ್ಲಿ ಅಕ್ಕಿ ಮೂಟೆ ಹೊರುತ್ತಿದ್ದರು. ಕನ್ನಡದವರ ಒಂದು ಮದುವೆಯೂಟದಲ್ಲಿ ಡಾಕ್ಟರು ಅವರ ಪಕ್ಕದಲ್ಲಿ ಕುಳಿತಿದ್ದರಂತೆ. "ಜಟಕಾ ಹೊಡೀತಿದ್ರಾ? ಮತ್ತೆ ಅಂಗಡೀಲಿ ಏನ್ರೀ ಮಾಡ್ತಿದೀರಾ?" ಎಂದು ಗದರಿ, ಮರುವಾರವೇ ಲಾಯಕ್ಕೆ ಕರೆದೊಯ್ದರು. ಅಲ್ಲಿ ಕುದುರೆ ಮುಟ್ಟಬೇಕಾದರೆ ಲೈಸೆನ್ಸು ಬೇಕು. ಅದನ್ನೂ ಅವರೇ ಮಾಡಿಸಿಕೊಟ್ಟರು.

ನನ್ನ ಓದಿಗೂ ಅವರೇ ಕಾರಣ. ಕಾಲೇಜಿನ ಮೊದಲ ಟರ್ಮಿನಲ್ಲಿ ಕೆಮಿಸ್ಟ್ರಿಯಲ್ಲಿ ಫೇಲಾಗಿ, ಬಿಟ್ಟುಬಿಡುತ್ತೇನೆಂದು ಅಳುತ್ತಾ ಕುಳಿತಿದ್ದಾಗ ಅವರು ಮನೆಗೆ ಬಂದು, ನನ್ನ ಪುಸ್ತಕವನ್ನು ತೆರೆದು ಅದನ್ನೂ ಒಮ್ಮೆ ಮೂಸಿದರು. "ಓಹೋ, ಇದನ್ನ ಯಾರೂ ತೆಗೆದೇ ಇಲ್ಲ, ಹೊಸಾ ವಾಸನೆ," ಎಂದರು. ನಾನು ಅಳುವುದನ್ನು ಬಿಟ್ಟು ನಕ್ಕೆ. ಅಲ್ಲಿಂದ ಮುಂದೆ ಭಾನುವಾರಗಳಲ್ಲಿ ಲಾಯದ ಪಕ್ಕದ ಕೋಣೆಯಲ್ಲಿ, ಲಗಾಮು ಗಾಡಿಪಟ್ಟಿಗಳ ನಡುವೆ ಕೂರಿಸಿಕೊಂಡು ಪಾಠ ಹೇಳಿದರು. ನಾನಿನ್ನೂ ಪಾಸಾಗುವ ಮೊದಲೇ "ಏನ್ರೀ ಗ್ರಾಜುಯೇಟಮ್ಮ" ಎಂದು ಕರೆಯಲು ಶುರುಮಾಡಿದ್ದರು.

ಆಗ ಡಾಟ್‌ಕಾಮ್ ಕಂಪನಿಗಳ ಷೇರು ಏರುತ್ತಿದ್ದ ಕಾಲ. ಮಿಲ್ಪಿಟಾಸ್ ಕಡೆಯ ಎಂಜಿನಿಯರುಗಳು ನಾಲ್ಕೈದು ಜನ ಕೂಡಿ ಒಂದು ಕುದುರೆ ಕೊಳ್ಳುವುದು ಹೊಸ ಶೋಕಿಯಾಗಿತ್ತು. ಅವರಲ್ಲಿ ಬಹಳ ಮಂದಿ ಡಾಕ್ಟರ ಬಳಿಗೇ ಬರುತ್ತಿದ್ದರು. ಕಾರಣ, ಡಾಕ್ಟರು ಅಲ್ಲಿನ ರೇಸ್ ಟ್ರ್ಯಾಕಿನ ಕುದುರೆ ಮಾಲೀಕರ ಮತ್ತು ಟ್ರೇನರ್‌ಗಳ ಸಂಘಕ್ಕೆ ಅಧ್ಯಕ್ಷರಾಗಿದ್ದರು. ಕುದುರೆಗೆ ಮದ್ದು ಹಾಕುವವರನ್ನು ಓಡಿಸುತ್ತೇನೆಂದು ಹೇಳಿಯೇ ಗೆದ್ದಿದ್ದರು, ಹಾಗೆಯೇ ನಡೆದುಕೊಂಡಿದ್ದರು. ಒಮ್ಮೆ ಒಬ್ಬ ಮುದುಕ ಟ್ರೇನರ್‌ನ ಕುದುರೆಯ ಮೂತ್ರದಲ್ಲಿ ಕೆಫೀನ್ ಸಿಕ್ಕಿತು. ತಾನು ಕುಡಿದಿಟ್ಟ ಕಾಫಿ ಲೋಟವನ್ನು ಕುದುರೆ ನೆಕ್ಕಿರಬೇಕು ಎಂದು ಆತ ಸಭೆಯಲ್ಲಿ ಟೋಪಿ ಕೈಯಲ್ಲಿ ಹಿಡಿದು ಹೇಳಿದ. ಡಾಕ್ಟರು ಒಪ್ಪಲಿಲ್ಲ. ಹಿಂದಿನ ಸಾಲಿನಲ್ಲಿ ಅಪ್ಪನ ಜೊತೆ ಕುಳಿತಿದ್ದ ನನಗೆ ಆಮೇಲೆ ಹೇಳಿದರು: "ಕಳ್ಳರ ಹತ್ರ ಎಲ್ಲಾ ಒಂದೊಂದು ಕಾಫಿ ಕಥೆ ಇರುತ್ತೆ ಕಣಮ್ಮ. ಒಂದು ಕಥೆ ಒಪ್ಪಿದ್ರೆ ನಾಳೆ ಲಾಯಕ್ಕೊಂದು ಕಥೆ ಹುಟ್ಟುತ್ತೆ." ಆ ಮುದುಕ ಸಸ್ಪೆಂಡಾಗಿ, ಕುದುರೆಗಳನ್ನು ಮಾರಿ ಹೋದ. ನನಗೆ ಆಗ ಡಾಕ್ಟರ ಬಗ್ಗೆ ಹೆಮ್ಮೆಯೇ ಆಗಿತ್ತು.

ಮರುವರ್ಷದ ಯುಗಾದಿಗೆ ಅವರು ನಮ್ಮಲ್ಲಿಗೆ ಊಟಕ್ಕೆ ಬಂದರು. ಅಮ್ಮ ಗಸಗಸೆ ಪಾಯಸ ಮಾಡಿದ್ದರು. ಡಾಕ್ಟರು ಲೋಟ ಮೂಸಿ, ಕಣ್ಣು ಮುಚ್ಚಿ, ಎರಡನೆಯ ಸಲ ಹಾಕಿಸಿಕೊಂಡು, "ಗಸಗಸೆ ಜೋರಾಗೇ ಬಿದ್ದಿದೆ. ಇವತ್ತು ಫ್ರೀವೇನಲ್ಲೇ ನಿದ್ದೆ ಹೋಗ್ತೀನಿ," ಎಂದು ನಕ್ಕರು. ಉಳಿದ ಪಾಯಸವನ್ನು ಅಮ್ಮ ಮಾರನೆಯ ದಿನ ಅಪ್ಪನ ಊಟದ ಡಬ್ಬಿಗೆ ಹಾಕಿ ಕಳುಹಿಸಿದರು.

ಆ ಮಾರನೆಯ ದಿನ ರೇಸು. ಅಪ್ಪ ನೋಡಿಕೊಳ್ಳುತ್ತಿದ್ದ ಹೆಣ್ಣು ಕುದುರೆ ಗೆದ್ದಿತು. ಅದರ ಮಾಲೀಕರಾದ ಎಂಜಿನಿಯರುಗಳು ಹೆಂಡತಿ ಮಕ್ಕಳ ಸಮೇತ ಬಂದು, ಗಾಡಿಯ ಸುತ್ತ ನಿಂತು ಫೋಟೊ ತೆಗೆಸಿಕೊಂಡರು. ಸಂಘದ ಚುನಾವಣೆ ಮತ್ತೆ ಹತ್ತಿರವಾಗಿತ್ತು. ಡಾಕ್ಟರು ಅಂದು ಬಹಳ ಜನರ ಕೈ ಕುಲುಕಿದರು. ಗೆದ್ದ ಕುದುರೆಯ ಮೂತ್ರವನ್ನು ಟ್ರ್ಯಾಕಿನ ಅಧಿಕಾರಿಗಳು ನಿಯಮದಂತೆ ಎರಡು ಬಾಟಲಿಗಳಲ್ಲಿ ತೆಗೆದುಕೊಂಡರು. ಕೆಲವು ವಾರಗಳ ಮೇಲೆ ಮೊದಲ ಬಾಟಲಿಯ ಫಲಿತಾಂಶ ಬಂತು: ಮಾರ್ಫಿನ್, ನೋವು ಗೊತ್ತಾಗದಂತೆ ಮಾಡುವ ನಿಷಿದ್ಧ ಮದ್ದು.

ಡಾಕ್ಟರು ಆ ಸಂಜೆ ನಮ್ಮ ಅಪಾರ್ಟ್‌ಮೆಂಟಿಗೆ ಬಂದು, ಕುಳಿತುಕೊಳ್ಳುವ ಮೊದಲೇ ಅಪ್ಪನನ್ನು ಕೇಳಿದರು:

"ಅವತ್ತು ಡಬ್ಬೀಲಿ ಪಾಯಸ ತಂದಿದ್ರಲ್ಲ, ಅದೇನಾಯ್ತು?"

ಅಪ್ಪ ಮುಖ ತಗ್ಗಿಸಿದರು. "ಅರ್ಧ ಮಿಕ್ಕಿತ್ತು ಡಾಕ್ಟ್ರೇ. ಅದು ಮೂತಿ ಚಾಚ್ತು. ಒಸಿ ನೆಕ್ಕುಸ್ಬುಟ್ಟೆ. ಊರಲ್ಲಿ ನಮ್ ಕುದ್ರೆಗೂ ಹಬ್ಬದ್ ದಿನ ಕೊಡ್ತಿದ್ದೋ."

"ಗಸಗಸೆ ಅಂದ್ರೆ ಅಫೀಮಿನ ಗಿಡದ ಬೀಜ. ಮನುಷ್ಯರಿಗೆ ಏನೂ ಆಗಲ್ಲ, ಟೆಸ್ಟಲ್ಲಿ ಮಾತ್ರ ಮಾರ್ಫಿನ್ ಅಂತ ಬರುತ್ತೆ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ತಲೆಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ ಶಿವನೇ, ಹಬ್ಬದ ದಿನ ಎಲ್ರಿಗೂ ಅಫೀಮು ಬಡಿಸಿದ್ನಾ ನಾನು?"

"ನನಗೆ ಎರಡು ಲೋಟ ಬಡಿಸಿದ್ರಿ, ನಾನೇನೂ ಗೆಲ್ಲಲಿಲ್ಲವಲ್ಲ!" ಎಂದು ಡಾಕ್ಟರು ಅಮ್ಮನನ್ನು ನಗಿಸಲು ನೋಡಿದರು. ಅಮ್ಮ ನಗಲಿಲ್ಲ. ಕುದುರೆಯ ಮೇವು ನೋಡಿಕೊಳ್ಳುವವರು ಅಪ್ಪನೇ ಆದ್ದರಿಂದ ರೇಸಿನ ಅಧಿಕಾರಿಗಳ ಮುಂದೆ ಅವರದೇ ವಿಚಾರಣೆ ನಡೆಯುತ್ತದೆ, ಅವರ ಮಾತನ್ನು ನಂಬಿದರೆ ಸಣ್ಣ ಶಿಕ್ಷೆಯಲ್ಲಿ ಮುಗಿಯುತ್ತದೆ, ನಂಬದಿದ್ದರೆ ಲೈಸೆನ್ಸು ಹೋಗುತ್ತದೆ, ಮದ್ದು ಹಾಕಿದವನೆಂಬ ಹೆಸರು ಉಳಿಯುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಅಪ್ಪನಿಗೆ ಬರುತ್ತಿದ್ದದ್ದು ಅದೊಂದೇ ಕೆಲಸ. ಅವರ ಕನ್ನಡವನ್ನು ಇಂಗ್ಲಿಷಿನಲ್ಲಿ ಹೇಳುವ ಜವಾಬ್ದಾರಿ ನನ್ನದಾಯಿತು.

ಆ ರಾತ್ರಿ ನನ್ನನ್ನು ಕಾಡಿದ್ದು ಒಂದೇ ಪ್ರಶ್ನೆ. ಔಷಧಿ, ಶತ್ರು, ಪಕ್ಕದ ಲಾಯ ಎಂದು ಜಗತ್ತನ್ನೆಲ್ಲ ಅನುಮಾನಿಸುವ ಮನುಷ್ಯ ಅಂದು ನೇರವಾಗಿ ಪಾಯಸದ ಬಗ್ಗೆಯೇ ಏಕೆ ಕೇಳಿದರು? ಉಪಕಾರಿಯ ಮೇಲೆ ಸಂದೇಹಪಡುವುದು ಸಭ್ಯತೆಯಲ್ಲವೆಂದು ಸುಮ್ಮನಾದೆ.

ವಿಚಾರಣೆಗೆ ಮುಂಚಿನ ಸಂಜೆಗಳಲ್ಲಿ ಡಾಕ್ಟರು ನಮ್ಮ ಊಟದ ಮೇಜಿನಲ್ಲಿಯೇ ನಮಗೆ ಅಭ್ಯಾಸ ಮಾಡಿಸಿದರು. ತಾವು ನ್ಯಾಯಾಧಿಕಾರಿಯಾಗಿ, ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಗಂಭೀರವಾಗಿ ಪ್ರಶ್ನೆ ಹಾಕುತ್ತಿದ್ದರು. "ಎಲ್ಲಾನೂ ಮಗಳೇ ಹೇಳಿದ್ರೆ ಕಥೆ ಕಟ್ಟಿದ ಹಾಗಿರುತ್ತೆ. ಒಂದು ಮಾತಾದ್ರೂ ನೀವೇ ಇಂಗ್ಲಿಷಲ್ಲಿ ಹೇಳ್ಬೇಕು," ಎಂದು ಅಪ್ಪನಿಗೆ 'ಐ ಗೇವ್ ಇಟ್, ಸರ್' ಎಂಬ ಮಾತನ್ನು ಕಲಿಸಿದರು. ಅಪ್ಪ ಅದನ್ನು ಕಾರಿನಲ್ಲೂ ಸ್ನಾನದ ಮನೆಯಲ್ಲೂ ಹೇಳಿಕೊಳ್ಳುತ್ತಿದ್ದರು. ದಿನದಿಂದ ದಿನಕ್ಕೆ ಅವರ ಬೆನ್ನು ನೆಟ್ಟಗಾಗುತ್ತಾ ಬಂತು.

ಹಾಗೆ ಅಭ್ಯಾಸ ಮಾಡುತ್ತಿದ್ದಾಗ ನಾನು ಕೇಳಿದೆ: "ಕೊಟ್ಟಿದ್ದನ್ನ ಯಾರಾದ್ರೂ ನೋಡಿದ್ರಾ ಅಂತ ಕೇಳಿದ್ರೆ ಏನು ಹೇಳೋದು ಅಪ್ಪ?"

"ಯಾರೂ ನೋಡ್ನಿಲ್ಲ ಕಣವ್ವ." ಅಪ್ಪನ ದನಿ ಇಳಿಯಿತು. "ನನ್ ಮಾತ್ ಯಾರ್ ನಂಬ್ತಾರು?"

ಡಾಕ್ಟರು ಅವರ ಭುಜ ತಟ್ಟಿದರು. "ನೀವು ಸುಳ್ಳು ಹೇಳ್ತಿಲ್ಲ ಅಂತ ನನಗೆ ಗೊತ್ತಲ್ರೀ. ಗಾಡಿ ಕಟ್ಟೋಕೆ ಮುಂಚೆ ಅದರ ಮೂತಿ ಮೂಸಿದ್ರೆ ಏಲಕ್ಕಿ, ಬೆಲ್ಲ ಘಮ್ ಅಂತಿತ್ತು. ನಿಮ್ಮನೆ ಹಬ್ಬಾನೇ ಅಲ್ಲಿತ್ತು."

ಸಮಾಧಾನಕ್ಕೆಂದು ಆಡಿದ ಮಾತು. ಆಡಿದ ಮೇಲೆ ಅವರೇ ಕನ್ನಡಕ ತೆಗೆದು ಒರೆಸತೊಡಗಿದರು.

"ಗಾಡಿ ಕಟ್ಟೋಕೆ ಮುಂಚೆನಾ?" ಎಂದೆ.

ಅವರು ಕನ್ನಡಕವನ್ನು ಬೆಳಕಿಗೆ ಹಿಡಿದು ಮತ್ತೆ ಒರೆಸಿದರು.

"ಹಾಗಾದ್ರೆ ಆಗಲೇ ಕುದುರೆನ ರೇಸಿಂದ ಹಿಂದಕ್ಕೆ ತಗೋಬಹುದಿತ್ತಲ್ವಾ ಡಾಕ್ಟ್ರೇ?"

"ಏಲಕ್ಕಿ ಬ್ಯಾನ್ ಆಗಿಲ್ಲ ಕಣಮ್ಮ."

"ಪಾಯಸ ಹಿಂದಿನ ದಿನ ನೀವೂ ಕುಡಿದಿದ್ರಿ. ಗಸಗಸೆ ಇದೆ ಅಂತ ನೀವೇ ಹೇಳಿದ್ರಿ."

ಅಪ್ಪ ನನ್ನನ್ನು ಗದರಿದರು: "ಬಾಯ್ ಮುಚ್ಚು. ದೊಡ್ಡೋರ ಹತ್ರ ಹಂಗಾ ಮಾತಾಡೋದು?"

ನಾನು ಮತ್ತೊಂದೇ ಒಂದು ಮಾತು ಕೇಳಿದೆ. ಅಪ್ಪನ ಪರವಾಗಿ ಇರುವ ಸಾಕ್ಷಿ ಡಾಕ್ಟರೊಬ್ಬರೇ. ಮೂತಿಯ ವಾಸನೆಯ ವಿಷಯವನ್ನು ಅಧಿಕಾರಿಗಳ ಮುಂದೆ ಅವರು ಹೇಳುತ್ತಾರೆಯೇ? ಹೇಳಿದರೆ ಅಪ್ಪ ಉಳಿಯುತ್ತಾರೆ. ಆದರೆ ತಿಳಿದೂ ಕುದುರೆಯನ್ನು ಓಡಿಸಿದರೆಂದು ಡಾಕ್ಟರು ಅಧ್ಯಕ್ಷರಾಗಿ ಉಳಿಯುವುದಿಲ್ಲ.

"ನೋಡೋಣ," ಎಂದರು. ಆ ದಿನ ಅವರು ಕಾಫಿಯನ್ನು ಮೂಸದೆ ಕುಡಿದು ಎದ್ದುಹೋದರು.

ವಿಚಾರಣೆಯ ಹಿಂದಿನ ದಿನ ಡಾಕ್ಟರ ಫೋನ್ ಬಂತು. ಎರಡನೆಯ ಬಾಟಲಿಯನ್ನು ಬೇರೊಂದು ಲ್ಯಾಬಿನಲ್ಲಿ ಪರೀಕ್ಷಿಸುವ ಹಕ್ಕು ನಮ್ಮ ಕಡೆಯವರಿಗಿತ್ತು. ಆ ಬಾಟಲಿ ಎಲ್ಲಿಯೂ ಸಿಗುತ್ತಿಲ್ಲವಂತೆ. ಬಾಟಲಿ ಇಲ್ಲದ ಮೇಲೆ ಆರೋಪವೂ ನಿಲ್ಲುವುದಿಲ್ಲವಂತೆ. "ಕೇಸು ಮುಗೀತು. ಅಪ್ಪನಿಗೆ ಹೇಳು, ಆರಾಮಾಗಿ ಮಲಗಲಿ."

ಅಮ್ಮ ದೇವರಿಗೆ ದೀಪ ಹಚ್ಚಿದರು. ಇಸ್ತ್ರಿ ಮಾಡಿಸಿದ ಅಂಗಿಯನ್ನು ಕುರ್ಚಿಯ ಮೇಲೆ ಹಾಕಿ ಕುಳಿತಿದ್ದ ಅಪ್ಪ ನನ್ನನ್ನು ಕೇಳಿದರು: "ಹಂಗಾರೆ ನಾಳೆ ನಾನು ಹೇಳೋದ್ ಬ್ಯಾಡ್ವಾ?"

"ಬೇಡವಂತೆ ಅಪ್ಪ."

ಬಾಟಲಿಯನ್ನು ಡಾಕ್ಟರೇ ಕಾಣೆಯಾಗಿಸಿದರೆಂದು ನಾನು ಹೇಳಲಾರೆ. ಅದಕ್ಕೆ ನನ್ನಲ್ಲಿ ಆಧಾರವಿಲ್ಲ. ಸಂಘದ ಅಧ್ಯಕ್ಷರಿಗೆ ಕುದುರೆಗಳ ಮೂತ್ರ ತೆಗೆದಿಡುವ ಪರೀಕ್ಷೆಯ ಲಾಯದಲ್ಲಿ ಪರಿಚಯದವರಿದ್ದರು ಎಂಬುದಷ್ಟೇ ನನಗೆ ಗೊತ್ತು. ಆದರೆ ಟ್ರ್ಯಾಕಿನವರಿಗೆ ಆಧಾರ ಬೇಕಿರಲಿಲ್ಲ. ಅಪ್ಪ ಪಾಯಸ ಕೊಟ್ಟದ್ದನ್ನು ಯಾರೂ ಕೇಳಿರಲಿಲ್ಲ. ಮಾರ್ಫಿನ್ ಸಿಕ್ಕಿತು, ಬಾಟಲಿ ಮಾಯವಾಯಿತು ಎಂಬುದನ್ನು ಎಲ್ಲರೂ ಕೇಳಿದ್ದರು. ಡಾಕ್ಟರು ತಮ್ಮವನನ್ನು ಉಳಿಸಿಕೊಂಡರು ಎಂದು ಮಾತಾಯಿತು. ಅಪ್ಪ ಹತ್ತಿರ ಬಂದರೆ ಪಕ್ಕದ ಲಾಯದವರು ತಮ್ಮ ಬಕೆಟ್ಟುಗಳನ್ನು ಒಳಗೆ ಎಳೆದುಕೊಳ್ಳುತ್ತಿದ್ದರು. ಸತ್ಯ ನಮ್ಮ ಕಡೆಗಿತ್ತು. ಅದನ್ನು ಹೇಳುವ ಜಾಗವೊಂದೇ ಇದ್ದದ್ದು, ಅದೂ ಹೋಗಿತ್ತು. ಡಾಕ್ಟರು ಚುನಾವಣೆಯಲ್ಲಿ ಮತ್ತೆ ಗೆದ್ದರು.

ಆ ಬೇಸಿಗೆಯಲ್ಲಿ ಒಮ್ಮೆ ಅವರು ನನ್ನನ್ನು ಕಾಲೇಜಿನಿಂದ ಕರೆತರುತ್ತಿದ್ದರು. ಆರುನೂರ ಎಂಬತ್ತನೇ ನಂಬರಿನ ಫ್ರೀವೇಯಲ್ಲಿ ಕಾರುಗಳು ನಿಂತಲ್ಲೇ ನಿಂತಿದ್ದವು. ನಾನು ಧೈರ್ಯ ಮಾಡಿ ಕೇಳಿದೆ.

"ಯಾರಿಗೋಸ್ಕರ ಹಾಗೆ ಮಾಡಿದ್ರಿ ಡಾಕ್ಟ್ರೇ? ಅಪ್ಪನಿಗೋ, ನಿಮಗೋ?"

"ನಾನು ಏನಾದ್ರೂ ಮಾಡಿದೆ ಅಂತ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ."

ಅವರು ಬ್ರೇಕ್ ಬಿಟ್ಟು ಕಾರನ್ನು ಒಂದಡಿ ಮುಂದೆ ತಂದರು. "ಯಾರಿಗೋಸ್ಕರ ಅಂದ್ರೆ ನಿನಗೆ ಸಮಾಧಾನ ಆಗುತ್ತೋ ಹೇಳು ಗ್ರಾಜುಯೇಟಮ್ಮ. ಅದನ್ನೇ ಹೇಳ್ತೀನಿ."

ತುಸು ಮುಂದೆ ಹೋದ ಮೇಲೆ ಅವರಾಗಿಯೇ ಅಂದರು: "ಆ ಮುದುಕನಿಗೆ ನಾನು ಕಾಫಿ ಕಥೆ ಅಂದಿದ್ದೆ. ನಾನೇ ಹೋಗಿ ಪಾಯಸದ ಕಥೆ ಹೇಳಿದ್ರೆ ಅವರು ನಗೋದಿಲ್ವಾ?" ಅವರ ಬಾಯಿಂದ ನಾನು ಕೇಳಿದ ತಪ್ಪೊಪ್ಪಿಗೆ ಇಷ್ಟೇ. ಇದೂ ತಪ್ಪೊಪ್ಪಿಗೆಯೇ ಅಥವಾ ನನ್ನನ್ನು ಸುಮ್ಮನಾಗಿಸಲು ಆಡಿದ ಮಾತೇ ಎಂದು ಇಂದಿಗೂ ತೂಗಿ ನೋಡುತ್ತಿರುತ್ತೇನೆ. ಮುಂದಿನ ಭಾನುವಾರ ಅವರು ಎಂದಿನಂತೆ ಪಾಠ ಹೇಳಿದರು. ನಾನು ಎಂದಿನಂತೆ ಹೋಗಿ ಕುಳಿತೆ.

ಷೇರುಗಳು ಬಿದ್ದ ಮೇಲೆ ಎಂಜಿನಿಯರುಗಳು ಕುದುರೆಗಳನ್ನು ಬಿಟ್ಟು ಹೋದರು. ಡಾಕ್ಟರ ಲಾಯ ಮುಚ್ಚಿತು. ಅಪ್ಪ ಉಳಿದ ಟ್ರೇನರ್‌ಗಳ ಬಳಿ ಒಬ್ಬೊಬ್ಬರಾಗಿ ಹೋಗಿ ಕೇಳಿದರು. ಎಲ್ಲರೂ ಮರ್ಯಾದೆಯಿಂದಲೇ ಇಲ್ಲವೆಂದರು. ಡಾಕ್ಟರು ಕೆಲ ವರ್ಷಗಳ ಬಳಿಕ ಸ್ಯಾನ್ ರಮೋನಿನ ಮನೆಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಮಕ್ಕಳಿಲ್ಲದ ಅವರ ಅಂತ್ಯಕ್ರಿಯೆಯಲ್ಲಿ ಮುಂದೆ ನಿಂತವರು ನಮ್ಮ ಅಪ್ಪ. ಮಾತನಾಡಲು ನನ್ನನ್ನು ಕರೆದಾಗ ಕೆಮಿಸ್ಟ್ರಿ ಪುಸ್ತಕವನ್ನು ಮೂಸಿದ ಪ್ರಸಂಗವನ್ನು ಹೇಳಿದೆ. ಎಲ್ಲರೂ ನಕ್ಕರು, ಅಪ್ಪ ಅತ್ತರು.

ಆಮೇಲೆ ನಮ್ಮ ಮನೆಯಲ್ಲಿ ಆದ ಬದಲಾವಣೆಗಳನ್ನು ನೇರವಾಗಿ ಹೇಳಿ ಮುಗಿಸುತ್ತೇನೆ. ನಾನು ಪದವಿ ಪಡೆದು ಒಂದು ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದೆ. ನಾವು ಯೂನಿಯನ್ ಸಿಟಿ ಬಿಟ್ಟು ಮಿಲ್ಪಿಟಾಸಿಗೆ ಬಂದೆವು. ಅಮ್ಮ ಡೇಕೇರ್ ಒಂದರಲ್ಲಿ ಮಕ್ಕಳನ್ನು ನೋಡಿಕೊಳ್ಳತೊಡಗಿದರು. ಅಪ್ಪ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೊಂದರಲ್ಲಿ ದಿನವಿಡೀ ಕುಳಿತು ಬಿಡಿಭಾಗಗಳನ್ನು ಜೋಡಿಸುವ ಕೆಲಸ ಹಿಡಿದು, ಅಲ್ಲಿಂದಲೇ ನಿವೃತ್ತರಾದರು. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಬಾಗಿಲಿಗೆ ಬಂದವರ ಹತ್ತಿರ ಈಗ ಮಾತನಾಡುವವಳು ನಾನು. ತಮ್ಮ ಹೆಸರೇನೆಂದು ಕೇಳಿದರೂ ಅಪ್ಪ ಮೊದಲು ನನ್ನ ಮುಖ ನೋಡುತ್ತಾರೆ.