ಕಿವಿ ಮೇಸ್ತ್ರಿಯ ಸ್ವಂತ ಕಾರು

ಕಿವಿ ಮೇಸ್ತ್ರಿಯ ಬಗ್ಗೆ ಊರವರು ಹೇಳುವುದನ್ನೆಲ್ಲ ನಂಬಿದರೆ, ಮೂರು ಬೀದಿ ಆಚೆ ಹೋಗುವ ಕಾರಿನ ಯಾವ ನಟ್ಟು ಸಡಿಲವಾಗಿದೆಯೆಂದು ಅವನು ನಿದ್ದೆಯಲ್ಲೇ ಹೇಳಿ ಮಗ್ಗುಲು ಬದಲಿಸುತ್ತಿದ್ದ. ಗ್ಯಾರೇಜಿನ ಪದ್ಧತಿಯೇ ಹಾಗೆ: ಮೊದಲು ಮೇಸ್ತ್ರಿ ಕಣ್ಣು ಮುಚ್ಚಿ ಇಂಜಿನ್ನಿನ ಸದ್ದು ಕೇಳಬೇಕು, ಆಮೇಲೆ ಪಾಲುದಾರ ಬಾನೆಟ್ ಎತ್ತಬೇಕು. ಇಬ್ಬರ ತಲೆ ಕಪ್ಪಗಿದ್ದಾಗಿನಿಂದ ಬೆಳ್ಳಗಾಗುವವರೆಗೂ ಹೀಗೇ ನಡೆದಿತ್ತು.

ಒಂದು ದಿನ ಗಿರಾಕಿಯ ಎದುರಿಗೇ ಪಾಲುದಾರ, "ನಿನ್ನ ಕಿವಿ ಮಂದ ಆಗಿದೆ ಕಣೋ, ಡಾಕ್ಟರಿಗೆ ತೋರಿಸು" ಎಂದುಬಿಟ್ಟ. ಮೇಸ್ತ್ರಿ ಸ್ಪ್ಯಾನರ್ ಕೆಳಗಿಟ್ಟು ಮನೆಗೆ ಹೋದವನು ಮತ್ತೆ ಅವನೊಡನೆ ಮಾತಾಡಲಿಲ್ಲ. ಮನೆಯಲ್ಲಿ ಹೆಂಡತಿ ಯಾವಾಗಿನಿಂದಲೋ ಕೂಗಿಯೇ ಮಾತಾಡುತ್ತಿದ್ದಳು. ಅದು ಅವಳ ಸಿಟ್ಟೆಂದು ಅವನು ತಿಳಿದಿದ್ದ.

ಈಗ ಪಾಲುದಾರ ಊರು ಬಿಟ್ಟು ದೂರದ ಮಗಳ ಮನೆಗೆ ಹೊರಟಿದ್ದ. ಬೆಳಗಿನ ರೈಲು. ಸ್ಟೇಷನ್ನಿಗೆ ಹೋಗಿ ರಾಜಿಯಾಗಿ ಬನ್ನಿ ಎಂದು ಹೆಂಡತಿ ವಾರವಿಡೀ ಬೆನ್ನು ಹತ್ತಿ ಒಪ್ಪಿಸಿದ್ದಳು. ಮೇಸ್ತ್ರಿ ಇಸ್ತ್ರಿ ಅಂಗಿ ತೊಟ್ಟು, ಹೇಳಬೇಕಾದ ಮಾತನ್ನು ಕನ್ನಡಿಗೆ ಒಪ್ಪಿಸಿಯೂ ಆಗಿತ್ತು. ಕಾರು ಮಾತ್ರ ಸ್ಟಾರ್ಟ್ ಆಗಲಿಲ್ಲ.

ಹೆಂಡತಿ ಕೀ ತಿರುಗಿಸಿದಳು. ಮೇಸ್ತ್ರಿ ಬಾನೆಟ್ಟಿಗೆ ಕಿವಿಯಿಟ್ಟು ಕಣ್ಣು ಮುಚ್ಚಿದ.

"ಉಸಿರೇ ಇಲ್ಲ. ಸ್ಟಾರ್ಟರ್ ಮೋಟಾರ್ ಹೋಗಿದೆ."

"ಟಿಕ್ ಟಿಕ್ ಅಂತಿದೆಯಲ್ರೀ."

"ಅದು ನಿನ್ನ ವಾಚು."

"ಅದು ನಿಂತು ವರ್ಷ ಆಯ್ತು. ನೀವೇ ರಿಪೇರಿ ಮಾಡ್ತೀನಿ ಅಂತ ಬಿಚ್ಚಿಟ್ಟಿದ್ದೀರಿ. ಬನ್ನಿ, ಬಸ್ಸಲ್ಲಿ ಹೋಗೋಣ."

"ನನ್ನ ಕಾರು ಕೆಟ್ಟಿದೆ ಅಂತ ಬಸ್ಸಲ್ಲಿ ಹೋಗಿ ಇಳಿಯೋದಾ? ಅವನ ಎದುರಿಗೆ? ಸ್ವಲ್ಪ ಹೊತ್ತು ತಡಿ."

ಇಸ್ತ್ರಿ ಅಂಗಿಯಲ್ಲೇ ಕಾರಿನಡಿ ಮಲಗಿದ. ಅವನು ಬೈದ ಬೈಗುಳಕ್ಕೆ ಅರ್ಧ ಬೋಲ್ಟುಗಳು ನಾಚಿ ತಾವೇ ಕಳಚಿಕೊಂಡಿರಬೇಕು. ಮೋಟಾರು ಹೊರಬರುವ ಹೊತ್ತಿಗೆ ಹೆಂಡತಿಯ ಫೋನ್ ಬಡಿದುಕೊಂಡಿತು. ಪಾಲುದಾರ.

"ಎಲ್ಲಿದ್ದೀರಮ್ಮಾ? ರೈಲು ಹತ್ತಿ ಕೂತಿದ್ದೀನಿ. ಕಣ್ಣೆಲ್ಲ ಪ್ಲಾಟ್‌ಫಾರ್ಮ್ ಮೇಲೇ ಇದೆ."

"ಕಾರು ಸ್ಟಾರ್ಟೇ ಆಗ್ತಿಲ್ಲ ಅಣ್ಣಾ. ಟಿಕ್ ಟಿಕ್ ಅಂತಿತ್ತು. ಇವರು ಮೋಟಾರ್ ಬಿಚ್ಚಿ ಹಾಕಿದ್ದಾರೆ."

"ಟಿಕ್ ಅಂದ್ರೆ ಮೋಟಾರ್ ಅಲ್ಲಮ್ಮಾ. ಬ್ಯಾಟರಿ ಕ್ಲಿಪ್ ಅಲ್ಲಾಡಿಸಿ ನೋಡು ಅನ್ನು."

ಅವಳು ಅದನ್ನು ಗಂಡನಿಗೆ ಕೂಗಿ ಹೇಳಿದಳು. ಮೇಸ್ತ್ರಿ ಬೆರಳು ತಾಗಿಸಿದ. ಕ್ಲಿಪ್ಪು ಮುದುಕನ ಹಲ್ಲಿನಂತೆ ಅಲುಗಾಡಿತು. ಬಿಗಿ ಮಾಡಲು ಒಂದು ನಿಮಿಷವೂ ಬೇಡ. ಆದರೆ ಮೋಟಾರು ನೆಲದ ಮೇಲಿತ್ತು.

"ಕೊಡಿಲ್ಲಿ" ಎಂದು ಫೋನನ್ನು ಕಿವಿಗೆ ಒತ್ತಿಕೊಂಡ. ಕನ್ನಡಿಗೆ ಒಪ್ಪಿಸಿದ್ದರಲ್ಲಿ ಒಂದು ಮಾತೂ ನೆನಪಾಗಲಿಲ್ಲ.

"ನೀನು ಅವತ್ತು ಹೇಳಿದ್ದು ನಿಜ ಕಣೋ. ನನಗೆ ಸರಿಯಾಗಿ ಕೇಳಿಸಲ್ಲ."

ಪಾಲುದಾರ ಏನೋ ಹೇಳಿದ. ಬಹಳ ಹೊತ್ತು ಹೇಳಿದ. ಮೇಸ್ತ್ರಿಗೆ ಗುಂಯ್ ಎಂದಷ್ಟೇ ಕೇಳಿಸಿತು; ಆಮೇಲೆ ಅದೂ ಇಲ್ಲ.

"ಏನಂದ?"

"ಫೋನ್ ನಿಮ್ಮ ಕಿವೀಲಿತ್ತಲ್ರೀ, ನನಗೇನು ಗೊತ್ತು? ರೈಲು ಹೊರಟಿರಬೇಕು. ಮತ್ತೆ ಮಾಡಲಾ?"

ಮೇಸ್ತ್ರಿ ಮೋಟಾರನ್ನು ತೊಡೆಯ ಮೇಲೆತ್ತಿಕೊಂಡು ಮಸಿ ಒರೆಸತೊಡಗಿದ. ಅದರಲ್ಲಿ ಯಾವ ದೋಷವೂ ಇರಲಿಲ್ಲ.

"ಹೇಳಿದ್ದನ್ನೇ ಮತ್ತೆ ಹೇಳು ಅನ್ನೋದು ಹೇಗೆ? ಎದುರಿಗೆ ನಿಂತಿದ್ದಿದ್ರೆ," ಎಂದ, "ಮುಖ ನೋಡಿಯಾದ್ರೂ ತಿಳ್ಕೋತಿದ್ದೆ."